‘ಆಯ್ತು ಬಿಡಿ’ ಅಂದರೆ ಒಪ್ಪಿಗೆ ಅಲ್ಲ: ಕೂಡುಮನೆಯಲ್ಲಿ ತೀರ್ಮಾನ ಮಾಡುವ ಬಗೆ

ಬೆಳಗ್ಗೆ ಐದೂವರೆ. ಅಡುಗೆಮನೆಯಿಂದ ತಟ್ ತಟ್ ಅಂತ ಸದ್ದು. ಅಜ್ಜಿ ಜೋಳದ ರೊಟ್ಟಿ ಬಡೀತಿದ್ದಾರೆ. ಎಂಟು ಗಂಟೆಗೆ ಪೋಳಿ-ಭಾಜಿ ಮಾಡೋ ಮಾವ್ಶಿ ಬಂದು ನೋಡಿದರೆ (ಪುಣೆಯಲ್ಲಿ ಚಪಾತಿಗೆ ಪೋಳಿ ಅಂತಾರೆ, ಹೋಳಿಗೆ ಅಲ್ಲ; ಮನೆಕೆಲಸಕ್ಕೆ ಬರುವ ಹೆಂಗಸಿಗೆ ಮಾವ್ಶಿ ಅಂತಾರೆ) ಬುಟ್ಟಿ ತುಂಬ ರೊಟ್ಟಿ, ಪಕ್ಕದಲ್ಲಿ ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಅವರಿಗೆ ಮಾಡೋಕೆ ಏನೂ ಉಳಿದಿರುತ್ತಿರಲಿಲ್ಲ. ಮೂರು ವಾರ ಹೀಗೇ ನಡೆಯಿತು. ನಾಲ್ಕನೇ ವಾರ ಮಾವ್ಶಿ ಬರಲಿಲ್ಲ.

ಮಾವ್ಶಿಯನ್ನು ಇಟ್ಟುಕೊಳ್ಳೋಣ ಅಂತ ನಾವು ಸಭೆ ಮಾಡಿಯೇ ತೀರ್ಮಾನ ಮಾಡಿದ್ದೆವು. ಹನ್ನೊಂದು ಜನ ಕೂತಿದ್ದೆವು, ಒಬ್ಬರೂ ಬೇಡ ಅನ್ನಲಿಲ್ಲ. ಅಜ್ಜಿಯನ್ನೂ ಕೇಳಿದ್ದೆವು. ‘ಆಯ್ತು ಬಿಡ್ರಿ, ನಿಮ್ಮಿಷ್ಟ’ ಅಂದಿದ್ದರು. ನಾವು ಅದನ್ನು ‘ಎಲ್ಲರ ಒಪ್ಪಿಗೆ’ ಅಂತ ಪುಸ್ತಕದಲ್ಲಿ ಬರೆದುಕೊಂಡೆವು. ಕನ್ನಡ ಬರುವ ಯಾರಾದರೂ ಹಾಗೆ ಬರೆದುಕೊಳ್ಳುತ್ತಾರಾ?

ನಮ್ಮದು ಪುಣೆಯ ವಾರ್ಜೆ ಕಡೆ ಒಂದು ಹಳೇ ಎರಡಂತಸ್ತಿನ ಬಂಗಲೆ. ಹನ್ನೊಂದು ದೊಡ್ಡವರು, ನಾಲ್ಕು ಮಕ್ಕಳು. ವಿಜಯಪುರ, ಧಾರವಾಡ, ಮಂಗಳೂರು, ಮೈಸೂರು ಕಡೆಯವರು, ಜೊತೆಗೆ ಇಬ್ಬರು ಮರಾಠಿ ಸೊಸೆ-ಅಳಿಯ. ನಾವು ನೆಂಟರಲ್ಲ, ಪೀಜಿಯೂ ಅಲ್ಲ. ಒಟ್ಟಿಗೆ ಬದುಕೋಣ ಅಂತ ಬೇಕೆಂದೇ ಆರಿಸಿಕೊಂಡವರು. ಇದಕ್ಕೆ ಸರಿಯಾದ ಕನ್ನಡ ಹೆಸರಿಲ್ಲ, ನಾವು ಕೂಡುಮನೆ ಅಂತೀವಿ. ಅವಿಭಕ್ತ ಕುಟುಂಬದಲ್ಲಾದರೆ ಹಿರಿಯರು ಹೇಳಿದ್ದೇ ತೀರ್ಮಾನ, ಸರಿಯೋ ತಪ್ಪೋ. ಇಲ್ಲಿ ವಯಸ್ಸಾದವರಿದ್ದರೂ ಎಲ್ಲರ ಪರವಾಗಿ ತೀರ್ಮಾನಿಸುವ ಯಜಮಾನರು ಅಂತ ಯಾರೂ ಇಲ್ಲ. ಹಾಗಾಗಿ ತೀರ್ಮಾನ ಮಾಡುವ ದಾರಿಯನ್ನು ನಾವೇ ಕಟ್ಟಿಕೊಳ್ಳಬೇಕಾಯಿತು, ಮೂರು ಸಲ ಬಿದ್ದು, ನಾಲ್ಕನೇ ಸಲಕ್ಕೆ ಸುಮಾರಾಗಿ ನಿಂತಿದೆ. ನೀವೂ ಹೀಗೇನಾದರೂ ಯೋಚನೆ ಮಾಡುತ್ತಿದ್ದರೆ ಮುಂದೆ ಓದಿ.

1. ಮೊದಲು ಕಾಗದ ನೋಡಿ

ಪ್ರೀತಿ-ವಿಶ್ವಾಸ ಆಮೇಲೆ. ಮೊದಲು ಕರಾರು ಯಾರ ಹೆಸರಲ್ಲಿದೆ ನೋಡಿ. ಮಹಾರಾಷ್ಟ್ರದಲ್ಲಿ ಬಾಡಿಗೆಗೆ ಮಾಡಿಕೊಳ್ಳುವುದು ಲೀವ್ ಅಂಡ್ ಲೈಸೆನ್ಸ್ ಕರಾರು, ಸಾಮಾನ್ಯವಾಗಿ 11 ತಿಂಗಳಿಗೆ. 1999ರ ಬಾಡಿಗೆ ಕಾಯ್ದೆ ಪ್ರಕಾರ ಅದನ್ನು ನೋಂದಣಿ ಮಾಡಿಸಲೇಬೇಕು. ಒಬ್ಬರ ಹೆಸರಲ್ಲಿ ಮಾಡಿಸುವುದು ಸುಲಭ, ಓನರ್‌ಗೂ ಅದೇ ಇಷ್ಟ. ಆದರೆ ಹಾಗೆ ಮಾಡಿದ ದಿನವೇ ಆ ಒಬ್ಬರು ಮನೆಯ ಯಜಮಾನರಾಗಿಬಿಡುತ್ತಾರೆ, ಅವರಿಗೆ ಬೇಕಿರಲಿ ಬೇಡದಿರಲಿ. ಸಭೆಯಲ್ಲಿ ಅವರು ಸುಮ್ನೆ ಕೆಮ್ಮಿದರೂ ಎಲ್ಲರೂ ತಿರುಗಿ ನೋಡುತ್ತಾರೆ. ಪ್ರತಿ ಕುಟುಂಬದಿಂದ ಒಬ್ಬರ ಹೆಸರಾದರೂ ಕರಾರಿನಲ್ಲಿ ಇರಲಿ. ಡಿಪಾಸಿಟ್‌ನಲ್ಲಿ ಯಾರದು ಎಷ್ಟು ಅಂತ ಬೇರೆ ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ.

ಸ್ವಂತ ಫ್ಲಾಟ್ ಕೊಂಡು ಒಂದೇ ಬಿಲ್ಡಿಂಗಿನಲ್ಲಿ ಇರುವವರಾದರೆ ಇನ್ನೊಂದು ಮಾತು. 1960ರ ಸಹಕಾರ ಸಂಘಗಳ ಕಾಯ್ದೆಯಡಿ ನಡೆಯುವ ಸೊಸೈಟಿಗೆ ಅದರದೇ ನಿಯಮ ಇದೆ: ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ, ಕೋರಂ, ಕೈಯೆತ್ತಿ ಬಹುಮತ. ಅದನ್ನು ತಪ್ಪಿಸುವ ಹಾಗಿಲ್ಲ. ನಿಮ್ಮ ಗುಂಪಿನ ಸಭೆಯನ್ನು ಅದರೊಂದಿಗೆ ಬೆರೆಸಬೇಡಿ. ಮೊದಲು ನಿಮ್ಮೊಳಗೆ ಮಾತಾಡಿ ಮುಗಿಸಿ, ಆಮೇಲೆ ಅಲ್ಲಿ ಹೋಗಿ ಕೈಯೆತ್ತಿ.

2. ಎಲ್ಲವನ್ನೂ ಸಭೆಗೆ ತರಬೇಡಿ

ಶುರುವಿನಲ್ಲಿ ನಾವು ಟಾಯ್ಲೆಟ್ ಕ್ಲೀನರ್ ಯಾವ ಬ್ರ್ಯಾಂಡ್ ಅಂತಲೂ ಸಭೆಯಲ್ಲಿ ಮಾತಾಡಿದ್ದೇವೆ. ನಲವತ್ತು ನಿಮಿಷ. ಆ ದಿನವನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಈಗ ಮೂರು ಗುಡ್ಡೆ ಮಾಡಿದ್ದೇವೆ. ನಿಮ್ಮ ಕೋಣೆಯೊಳಗಿನದು ನಿಮ್ಮದು, ಯಾರನ್ನೂ ಕೇಳಬೇಡಿ. ಒಂದು ಕೆಲಸಕ್ಕೆ ಹೊಣೆ ಹೊತ್ತವರು ಆ ಕೆಲಸದಲ್ಲಿ ತಾವೇ ತೀರ್ಮಾನ ಮಾಡಬಹುದು, ತಿಂಗಳಿಗೆ 2000 ರೂಪಾಯಿವರೆಗೆ ಖರ್ಚೂ ಮಾಡಬಹುದು. ಕಿರಾಣಿ, ನೀರು, ರಿಪೇರಿ, ಮಕ್ಕಳ ಸ್ಕೂಲ್ ವ್ಯಾನ್, ಎಲ್ಲಕ್ಕೂ ಒಬ್ಬೊಬ್ಬ ಹೊಣೆಗಾರರು. ಅದಕ್ಕಿಂತ ದೊಡ್ಡದು, ಇಲ್ಲಾ ವಾಪಸ್ ತಿರುಗಿಸೋಕೆ ಆಗದ್ದು, ಎಲ್ಲರ ಮುಂದೆ ಬರಬೇಕು. ಅಮೆರಿಕದ ವರ್ಜೀನಿಯಾದಲ್ಲಿ 1967ರಿಂದ ನಡೆಯುತ್ತಿರುವ ಟ್ವಿನ್ ಓಕ್ಸ್ ಅನ್ನುವ ಕೂಡುಬಾಳಿನ ಹಳ್ಳಿಯಲ್ಲೂ ಹೀಗೇ, ಪ್ರತಿ ಕೆಲಸಕ್ಕೂ ಮ್ಯಾನೇಜರ್ ಇರುತ್ತಾರೆ. ಅಷ್ಟು ವರ್ಷ ಬಾಳಿದ ಜಾಗದವರೇ ಎಲ್ಲವನ್ನೂ ಎಲ್ಲರೂ ಕೂತು ತೀರ್ಮಾನಿಸುವ ಉಸಾಬರಿಗೆ ಹೋಗಿಲ್ಲ ಅಂದಮೇಲೆ ನಮಗೇಕೆ?

ಮೇ ತಿಂಗಳಲ್ಲಿ ಟ್ಯಾಂಕರ್ ತರಿಸುವವರಿಗೆ ಈ ಸ್ವಾತಂತ್ರ್ಯ ಕೊಡಲೇಬೇಕು, ನೆನಪಿರಲಿ. ನಲ್ಲಿ ಒಣಗಿದ ಬೆಳಗ್ಗೆ ಸಭೆ ಕರೆಯೋಕೆ ಆಗಲ್ಲ.

3. ಒಪ್ಪಿಗೆ ಅಂದರೇನು ಅಂತ ಬರೆದಿಡಿ

ಮೂರು ದಾರಿ ಇವೆ. ಬಹುಮತ, ಸರ್ವಾನುಮತ, ಮತ್ತು ಇವೆರಡರ ನಡುವಿನ ಇನ್ನೊಂದು.

ಬಹುಮತ ಬೇಗ ಮುಗಿಯುತ್ತೆ. ಆದರೆ ಆರು-ಐದರಲ್ಲಿ ಸೋತ ಐದು ಜನ ರಾತ್ರಿ ಅದೇ ಮೇಜಿನಲ್ಲಿ ಊಟಕ್ಕೆ ಕೂರಬೇಕಲ್ಲ! ಊರಿನ ಚುನಾವಣೆಯಲ್ಲಿ ಸೋತವರು ಅವರವರ ಮನೆಗೆ ಹೋಗುತ್ತಾರೆ, ಇಲ್ಲಿ ಸೋತವರಿಗೂ ಗೆದ್ದವರಿಗೂ ಅದೇ ಮನೆ. ಸರ್ವಾನುಮತ ಅಂದರೆ ಎಲ್ಲರಿಗೂ ಇಷ್ಟವಾಗಬೇಕು. ಹನ್ನೊಂದು ಜನರಿಗೆ ಒಂದೇ ಸಾರು ಇಷ್ಟವಾಗಿದ್ದನ್ನು ನಾನಂತೂ ಕಂಡಿಲ್ಲ.

ನಾವು ಹಿಡಿದದ್ದು ಮೂರನೆಯದು. ನೆದರ್‌ಲ್ಯಾಂಡ್ಸಿನಲ್ಲಿ ಕೇಸ್ ಬುಕೆ ಅನ್ನುವವರು 1926ರಲ್ಲಿ ಬಿಲ್ಟ್‌ಹೋವನ್ ಅನ್ನುವ ಊರಲ್ಲಿ ಒಂದು ಶಾಲೆ ಶುರು ಮಾಡಿದರು. ಅಲ್ಲಿ ಮಕ್ಕಳೂ ಮೇಷ್ಟ್ರುಗಳೂ ಒಟ್ಟಿಗೆ ಕೂತು ಶಾಲೆಯ ವಿಷಯ ತೀರ್ಮಾನಿಸುತ್ತಿದ್ದರು. ಆ ಶಾಲೆಯಲ್ಲಿ ಓದಿದ ಗೆರಾರ್ಡ್ ಎಂಡೆನ್‌ಬರ್ಗ್ ಮುಂದೆ ಎಂಜಿನಿಯರ್ ಆಗಿ, 1970ರ ದಶಕದಲ್ಲಿ ಅದೇ ಪದ್ಧತಿಯನ್ನು ತಮ್ಮ ಮನೆತನದ ಎಲೆಕ್ಟ್ರಿಕಲ್ ಕಂಪನಿಗೆ ತಂದರು. ಅದಕ್ಕೆ ಸೋಶಿಯೋಕ್ರಸಿ ಅಂತ ಹೆಸರು. ತಿರುಳು ಇಷ್ಟೇ: ‘ನಿನಗೆ ಇಷ್ಟಾನಾ?’ ಅಂತ ಕೇಳಬೇಡ, ‘ಇದನ್ನು ಮಾಡಲೇಬಾರದು ಅನ್ನುವಂಥ ಕಾರಣ ನಿನ್ನ ಹತ್ತಿರ ಇದೆಯಾ?’ ಅಂತ ಕೇಳು. ಯಾರ ಹತ್ತಿರವೂ ಇಲ್ಲ ಅಂದರೆ ಅದು ಒಪ್ಪಿಗೆ. ಇದೆ ಅಂದರೆ ಆ ಕಾರಣ ಎಲ್ಲರದೂ ಆಯಿತು, ಅದು ನೀಗುವ ಹಾಗೆ ಪ್ರಸ್ತಾಪವನ್ನು ತಿದ್ದಬೇಕು.

ಕೇಳೋಕೆ ಚಂದ. ಆದರೆ ಒಂದು ದೊಡ್ಡ ತೂತಿದೆ. ಡಚ್ಚರು ಮುಖಕ್ಕೆ ಹೊಡೆದ ಹಾಗೆ ‘ಬೇಡ’ ಅಂತಾರೆ, ಅವರ ಪದ್ಧತಿ ಅವರಿಗೆ ನಡೆಯುತ್ತೆ. ನಾವು ಹಾಗೆ ಅನ್ನುವವರಾ? ಅದಕ್ಕೇ ಮುಂದಿನ ಹೆಜ್ಜೆ ಎಲ್ಲಕ್ಕಿಂತ ಮುಖ್ಯ.

4. ಸಭೆಗೆ ಮುಂಚೆ ಒಬ್ಬೊಬ್ಬರನ್ನೇ ಕೇಳಿ

ನಮ್ಮ ಮನೆಯ ಪದಕೋಶ ಕೊಡುತ್ತೇನೆ, ನಿಮ್ಮದನ್ನು ನೀವು ಮಾಡಿಕೊಳ್ಳಿ. ‘ನೋಡೋಣ’ ಅಂದರೆ ಬೇಡ. ‘ನಿಮ್ಮಿಷ್ಟ’ ಅಂದರೆ ಕೋಪ ಬಂದಿದೆ. ‘ಎಲ್ಲರೂ ಹೆಂಗಂತಾರೋ ಹಂಗೆ’ ಅಂದರೆ ನನ್ನ ಮಾತು ಇಲ್ಲಿ ನಡೆಯಲ್ಲ ಅಂತ ನನಗೆ ಗೊತ್ತಿದೆ. ‘ನಂದೇನಿಲ್ಲಪ್ಪ’ ಅಂದರೆ ನಂದು ಬಹಳ ಇದೆ, ಒಬ್ಬರೇ ಇದ್ದಾಗ ಬಂದು ಕೇಳು. ‘ಆಗ್ಬಹುದು ಮಾರಾಯ್ರೆ’ ಅಂತ ನಮ್ಮ ಮಂಗಳೂರಿನವರು ಅಂದರೆ ಮಾತ್ರ ಅದು ನಿಜವಾಗಿಯೂ ಆಗಬಹುದು, ಅವರೊಬ್ಬರೇ ನಮ್ಮಲ್ಲಿ ನೇರ.

ಮಾವ್ಶಿ ಬಿಟ್ಟುಹೋದ ಮೇಲೆ ನಾನು ಒಂದು ಮಧ್ಯಾಹ್ನ ಅಜ್ಜಿಯ ಹತ್ತಿರ ಕೂತೆ. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ನಾನೂ ಒಂದು ಕಟ್ಟು ತಗೊಂಡೆ. ‘ಅಜ್ಜಿ, ಮಾವ್ಶಿ ಬೇಡ ಅಂತ ನೀವು ಅವತ್ತೇ ಯಾಕೆ ಹೇಳಲಿಲ್ಲ?’ ಅಂತ ಕೇಳಲಿಲ್ಲ, ಕೇಳಿದ್ದರೆ ‘ನಾ ಎಲ್ಲಿ ಬ್ಯಾಡ ಅಂದೆ’ ಅಂತಿದ್ದರು. ‘ಮಾವ್ಶಿ ಬಂದಮೇಲೆ ನಿಮ್ಮ ಮುಂಜಾನೆ ಹೆಂಗಾಯ್ತು?’ ಅಂದೆ. ಸ್ವಲ್ಪ ಹೊತ್ತು ಏನೂ ಇಲ್ಲ. ದಂಟು ಒಂದು ಕಡೆ, ಎಲೆ ಒಂದು ಕಡೆ. ಆಮೇಲೆ ಅಂದರು, ‘ನಾ ಮುಂಜಾನೆ ಎದ್ದು ಏನ್ ಮಾಡ್ಲಿ ಹೇಳು ತಂಗಿ? ಐವತ್ತು ವರ್ಷ ಆತು, ಎದ್ದ ಕೂಡ್ಲೆ ಒಲಿ ಮುಂದ ಕುಂತಾಕಿ.’

ನಾವು ಅವರಿಗೆ ಆರಾಮ ಕೊಡ್ತಿದ್ದೇವೆ ಅಂದುಕೊಂಡಿದ್ದೆವು. ಅವರ ಕೈಯಿಂದ ಬೆಳಗ್ಗೆಯನ್ನೇ ಕಿತ್ತುಕೊಂಡಿದ್ದೆವು. ಮಾವ್ಶಿ ಕೆಲಸ ಬಿಟ್ಟದ್ದು ತನ್ನಿಂದ ಅಂತ ತಿಳಿದು ಅಜ್ಜಿ ಎರಡು ದಿನ ಮಾತು ಬಿಟ್ಟರು. ನಾವು ಮಾವ್ಶಿಯನ್ನು ಹುಡುಕಿಕೊಂಡು ಹೋದೆವು, ಆ ತಿಂಗಳ ಪೂರ್ತಿ ಸಂಬಳ ಕೊಟ್ಟೆವು, ಆದರೆ ಅವರು ಅಷ್ಟರಲ್ಲಿ ಬೇರೆ ಮನೆ ಹಿಡಿದಿದ್ದರು, ವಾಪಸ್ ಬರಲಿಲ್ಲ. ಈಗ ಬೇರೆ ಮಾವ್ಶಿ ವಾರಕ್ಕೆ ನಾಲ್ಕು ದಿನ ಬರುತ್ತಾರೆ. ಮಂಗಳವಾರ, ಗುರುವಾರ, ಭಾನುವಾರ ಒಲೆ ಅಜ್ಜಿಯದು.

ಹಾಗಾಗಿ ಈಗಿನ ನಿಯಮ ಹೀಗಿದೆ. ಯಾರು ಪ್ರಸ್ತಾಪ ತರುತ್ತಾರೋ ಅವರು ಅದನ್ನು ಒಂದೇ ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಹತ್ತು ದಿನ ಅಂಟಿಸಬೇಕು. ಏನು ತೊಂದರೆ, ಏನು ಮಾಡೋಣ, ಎಷ್ಟು ಖರ್ಚು, ಅಷ್ಟೇ. ಆ ಹತ್ತು ದಿನದೊಳಗೆ, ಪ್ರಸ್ತಾಪ ತಂದವರಲ್ಲದ ಇನ್ನೊಬ್ಬರು ಎಲ್ಲರ ಹತ್ತಿರ ಒಬ್ಬೊಬ್ಬರಾಗಿ ಮಾತಾಡಬೇಕು. ಕೈಯಲ್ಲಿ ಏನಾದರೂ ಕೆಲಸ ಇದ್ದಾಗ ಮಾತಾಡುವುದು ಒಳ್ಳೆಯದು, ಸೊಪ್ಪು ಬಿಡಿಸುವಾಗ, ಬಟ್ಟೆ ಮಡಚುವಾಗ, ಗಂಡಸರಾದರೆ ಗಾಡಿ ಒರೆಸುವಾಗ. ‘ಓಕೆನಾ?’ ಅಂತ ಕೇಳಲೇಬಾರದು. ‘ಇದು ಶುರುವಾದರೆ ನಿಮ್ಮ ದಿನದಲ್ಲಿ ಏನು ಬದಲಾಗುತ್ತೆ?’ ಅಂತ ಕೇಳಬೇಕು. ಈ ಒಂದು ಪ್ರಶ್ನೆ ನಮ್ಮ ಅರ್ಧ ಜಗಳ ಉಳಿಸಿದೆ.

ಹೀಗೆ ಮುಂಚೆ ಮಾತಾಡುವುದನ್ನೂ ತೀರ್ಮಾನ ಮಾಡುವುದನ್ನೂ ಬೇರೆಬೇರೆ ಇಡುವುದು ಹೊಸದೇನಲ್ಲ. ನಮ್ಮ ಮಹಾರಾಷ್ಟ್ರದ್ದೇ ಗಡ್‌ಚಿರೋಲಿ ಜಿಲ್ಲೆಯಲ್ಲಿ ಮೆಂಢಾ-ಲೇಖಾ ಅಂತ ಗೊಂಡ ಜನರ ಹಳ್ಳಿ ಇದೆ, 2009ರಲ್ಲಿ ತಮ್ಮ ಕಾಡಿನ ಮೇಲೆ ಇಡೀ ಊರಿಗೆ ಸೇರಿದ ಹಕ್ಕು ಪಡೆದವರು. ಅಲ್ಲಿ ಗ್ರಾಮಸಭೆಯ ತೀರ್ಮಾನ ಎಲ್ಲರ ಸಹಮತಿಯಿಂದಲೇ ಆಗಬೇಕು. ಜೊತೆಗೆ ‘ಅಭ್ಯಾಸ ಗಟ್’ ಅಂತ ಓದು-ಚರ್ಚೆಯ ಕೂಟಗಳಿವೆ. ಅಲ್ಲಿ ಯಾರು ಬೇಕಾದರೂ ಕೂತು ಎಷ್ಟು ಬೇಕಾದರೂ ಚರ್ಚೆ ಮಾಡಬಹುದು, ತೀರ್ಮಾನ ಮಾತ್ರ ಅಲ್ಲಿ ಮಾಡುವ ಹಾಗಿಲ್ಲ. ತೀರ್ಮಾನದ ಭಾರ ಇಲ್ಲದಿದ್ದಾಗ ಜನ ನಿಜ ಹೇಳುತ್ತಾರೆ ಅನ್ನುವುದು ಅವರಿಗೆ ನಮಗಿಂತ ಬಹಳ ಮೊದಲೇ ಗೊತ್ತಿತ್ತು.

5. ಸಭೆ

ಭಾನುವಾರ ಸಂಜೆ ನಾಲ್ಕೂವರೆ, ಚಹಾ ಆದಮೇಲೆ. ಒಂದೂವರೆ ಗಂಟೆ, ಅದಕ್ಕಿಂತ ಜಾಸ್ತಿ ಇಲ್ಲ. ಹಸಿದವರು, ನಿದ್ದೆಗೆಟ್ಟವರು ತೀರ್ಮಾನ ಮಾಡಬಾರದು. ನಡೆಸುವವರು ಪ್ರತಿ ತಿಂಗಳು ಬದಲಾಗಬೇಕು, ಮತ್ತೆ ಅವತ್ತಿನ ಪ್ರಸ್ತಾಪ ಅವರದಾಗಿರಬಾರದು.

ಮೊದಲ ಸುತ್ತಿನಲ್ಲಿ ಎಲ್ಲರೂ ಒಂದೊಂದು ಸಲ ಮಾತಾಡುತ್ತಾರೆ, ನಡುವೆ ಯಾರೂ ಬಾಯಿ ಹಾಕುವ ಹಾಗಿಲ್ಲ. ಕಿರಿಯರಿಂದ ಶುರು ಮಾಡಿ. ಹಿರಿಯರು ಮೊದಲು ಮಾತಾಡಿದರೆ ಮುಗೀತು, ಉಳಿದವರೆಲ್ಲ ‘ಕಾಕಾ ಹೇಳಿದ್ದೇ ಸರಿ’ ಅಂತ ತಲೆಯಾಡಿಸುತ್ತಾರೆ. ಗಂಡ-ಹೆಂಡತಿ ಪಕ್ಕಪಕ್ಕ ಕೂರಬಾರದು. ಇದು ಕೇಳೋಕೆ ವಿಚಿತ್ರ, ಆದರೆ ಮಾಡಿ ನೋಡಿ. ಮೊಣಕೈಯಲ್ಲಿ ತಿವಿಯೋಕೆ ಆಗದಿದ್ದಾಗ ಎಷ್ಟು ಹೆಂಗಸರು ಬೇರೆ ಮಾತಾಡುತ್ತಾರೆ ಅಂತ ಗೊತ್ತಾಗುತ್ತೆ.

ಎರಡನೇ ಸುತ್ತಿನಲ್ಲಿ ತಿದ್ದುಪಡಿ. ಆಮೇಲೆ ಕೈ. ಎಲ್ಲರೂ ಕಣ್ಣು ಮುಚ್ಚಿ, ಒಂದು-ಎರಡು-ಮೂರು ಅಂದಾಗ ಬೆರಳು ತೋರಿಸಬೇಕು. ಐದು ಬೆರಳು ಅಂದರೆ ಪೂರ್ತಿ ಸೈ, ನಾನೇ ಮುಂದೆ ನಿಲ್ತೀನಿ. ಮೂರು ಅಂದರೆ ಇಷ್ಟವಿಲ್ಲ, ಆದರೆ ನಡೀಲಿ. ಎರಡು ಅಥವಾ ಒಂದು ಅಂದರೆ ನನಗೆ ಸಂಶಯ ಇದೆ, ಮೊದಲು ಕೇಳಿ. ಮುಷ್ಟಿ ಅಂದರೆ ನಿಲ್ಲಿಸಿ. ಕಣ್ಣು ಮುಚ್ಚುವುದು ಯಾಕೆ ಅಂದರೆ, ಬಾಯಲ್ಲಿ ‘ಆಯ್ತು ಬಿಡಿ’ ಅನ್ನುವವರ ಬೆರಳು ಸುಳ್ಳು ಹೇಳುವುದು ಕಡಿಮೆ. ಪಕ್ಕದವರ ಕೈ ನೋಡಿ ಬೆರಳು ಎಣಿಸೋಕೂ ಆಗಲ್ಲ. ನಡೆಸುವವರೊಬ್ಬರೇ ಕಣ್ಣು ಬಿಟ್ಟಿರುತ್ತಾರೆ. ಎರಡಕ್ಕಿಂತ ಜಾಸ್ತಿ ಜನ ಮೂರೇ ಬೆರಳು ತೋರಿಸಿದರೂ ನಾವು ಮುಂದಕ್ಕೆ ಹೋಗಲ್ಲ, ಯಾಕಂದರೆ ಅಷ್ಟು ತಣ್ಣಗಿನ ಒಪ್ಪಿಗೆ ಜಾರಿಗೆ ಬರಲ್ಲ.

ತೀರ್ಮಾನವನ್ನು ಅಲ್ಲೇ ಬರೆದು, ಅಲ್ಲೇ ಜೋರಾಗಿ ಓದಿ. ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ಮುನ್ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಮತವನ್ನೇ ಹಾಕದೆ ಸಭೆ ನಡೆಸಿಕೊಂಡು ಬಂದಿದ್ದಾರೆ. ಅವರಲ್ಲಿ ಸಭೆ ನಡೆಸುವವರು ಏನು ತೀರ್ಮಾನವಾಯಿತು ಅಂತ ಸಭೆಯಲ್ಲೇ ಬರೆದು ಓದುತ್ತಾರೆ, ಎಲ್ಲರೂ ಹೌದು ಅಂದಮೇಲೆ ಮುಂದಕ್ಕೆ. ಮನೆಗೆ ಹೋಗಿ ವಾಟ್ಸಾಪಿನಲ್ಲಿ ಹಾಕ್ತೀನಿ ಅಂದರೆ ಹನ್ನೊಂದು ಜನರ ನೆನಪಿನಲ್ಲಿ ಹನ್ನೊಂದು ತೀರ್ಮಾನ ಇರುತ್ತವೆ.

ಕೊನೆಯಲ್ಲಿ ತಾರೀಖು ಹಾಕಿ. ‘ಮೂರು ತಿಂಗಳು ಮಾಡಿ ನೋಡೋಣ, ಇಂಥ ದಿನ ಮತ್ತೆ ಕೂರೋಣ.’ ವಾಪಸ್ ಬರೋಕೆ ಬಾಗಿಲಿದೆ ಅಂತ ಗೊತ್ತಿದ್ದರೆ ಜನ ಸುಲಭವಾಗಿ ಹೂಂ ಅಂತಾರೆ. ಆ ತಾರೀಖನ್ನು ಮರೆತರೆ ಮಾತ್ರ ಮುಂದಿನ ಸಲ ಯಾರೂ ನಂಬಲ್ಲ.

6. ಒಬ್ಬರು ಅಡ್ಡ ನಿಂತರೆ

ಮುಷ್ಟಿ ತೋರಿಸಿದವರಿಗೆ ಎರಡು ಕೆಲಸ. ತನ್ನ ಕಾರಣ ‘ನನಗೆ ಹಿಡಿಸಲ್ಲ’ ಅಲ್ಲ, ‘ಇದರಿಂದ ಮನೆಗೆ ಹೀಗೆ ತೊಂದರೆ’ ಅಂತ ಹೇಳಬೇಕು. ಆಮೇಲೆ ಎರಡು ವಾರದೊಳಗೆ ಬೇರೆ ದಾರಿ ಹುಡುಕುವ ಮೂವರಲ್ಲಿ ತಾನೂ ಒಬ್ಬರಾಗಬೇಕು. ಬರೀ ಅಡ್ಡಗಾಲು ಹಾಕಿ ಹೋಗುವ ಹಾಗಿಲ್ಲ. ಆಗಲೂ ಬಗೆಹರಿಯದಿದ್ದರೆ ನಾಲ್ಕರಲ್ಲಿ ಮೂರು ಪಾಲಿನ ಮತ. ನಮಗೆ ಆರು ವರ್ಷದಲ್ಲಿ ಒಂದೇ ಸಲ ಬೇಕಾಯಿತು, ಬೀದಿನಾಯಿಯೊಂದನ್ನು ಒಳಗೆ ಸೇರಿಸಿಕೊಳ್ಳುವ ವಿಷಯದಲ್ಲಿ. ನಾಯಿ ಗೆದ್ದಿತು.

ಅಡ್ಡ ನಿಂತವರನ್ನು ಕಿರಿಕಿರಿ ಅಂತ ನೋಡಬೇಡಿ. ಕೂಡಿಬಾಳುವ ಮಾತು ಬಂದರೆ ನಮ್ಮವರು ಹನ್ನೆರಡನೇ ಶತಮಾನದ ಕಲ್ಯಾಣದ ಅನುಭವ ಮಂಟಪದ ಉದಾಹರಣೆ ಕೊಡುತ್ತಾರೆ. ಭಾಷಣಕ್ಕೆ ಅದು ಚೆನ್ನಾಗಿದೆ. ನನಗೆ ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಆಯ್ದಕ್ಕಿ ಲಕ್ಕಮ್ಮನ ಕಥೆ. ಗಂಡ ಮಾರಯ್ಯ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆರಿಸಿ ತಂದಾಗ, ಇದು ನಮಗೆ ಬೇಡ, ಇದ್ದಲ್ಲೇ ಸುರಿದು ಬನ್ನಿ ಅಂದವಳು. ಮನೆಯೊಳಗೇ ಹಾಗೆ ಅಡ್ಡ ನಿಲ್ಲುವ ಒಬ್ಬರು ಇರಬೇಕು.

7. ಇಬ್ಬರ ಜಗಳ ಇಬ್ಬರದೇ

ಗುಂಪು ಒಡೆಯುವುದು ತೀರ್ಮಾನಗಳಿಂದ ಕಡಿಮೆ, ‘ಅವಳು ಹಾಗಂದಳಂತೆ’ ಅನ್ನುವುದರಿಂದ ಜಾಸ್ತಿ. ಯಾರಾದರೂ ನಿಮ್ಮ ಹತ್ತಿರ ಬಂದು ಮೂರನೆಯವರ ಬಗ್ಗೆ ದೂರಿದರೆ ಒಂದು ಸಲ ಕೇಳಿ. ಎರಡನೇ ಸಲ ಬಂದರೆ, ‘ಅವರ ಹತ್ತಿರಾನೇ ಹೇಳ್ತೀರಾ, ಇಲ್ಲಾ ನಾನೂ ಜೊತೆಗೆ ಬಂದು ಕೂರಲಾ?’ ಅಂತ ಕೇಳಿ. ಬೇರೆ ಉತ್ತರಕ್ಕೆ ಜಾಗ ಇಲ್ಲ. ಜಗಳ ವಾಟ್ಸಾಪಿನಲ್ಲಿ ಬೇಡ. ಅಲ್ಲಿ ಟ್ಯಾಂಕರ್ ಬಂತು, ಗ್ಯಾಸ್ ಖಾಲಿ, ಇಷ್ಟೇ.

ಕೂತು ಮಾತಾಡುವಾಗ ಒಬ್ಬರು ಹೇಳಿ ಮುಗಿಸಬೇಕು, ಇನ್ನೊಬ್ಬರು ತಾವು ಕೇಳಿಸಿಕೊಂಡದ್ದನ್ನು ತಮ್ಮ ಮಾತಲ್ಲಿ ವಾಪಸ್ ಹೇಳಬೇಕು, ಮೊದಲಿನವರು ‘ಹೌದು, ಅದೇ’ ಅಂದಮೇಲೆ ಮಾತ್ರ ಉತ್ತರ. ಮೊದಲ ಸಲ ನಾಟಕ ಆಡಿದ ಹಾಗೆ ಅನಿಸುತ್ತೆ. ನಡುವೆ ಕೂತವರು ತೀರ್ಪು ಕೊಡೋಕೆ ಹೋಗಬಾರದು.

ಒಳಗೊಳಗೇ ಹೊಗೆಯಾಡುವ ಇನ್ನೊಂದು ವಿಷಯ ಕೆಲಸ. ಪಾತ್ರೆ ತೊಳೆದದ್ದು ಕಾಣುತ್ತೆ, ಯಾರ ಔಷಧಿ ಯಾವಾಗ ಮುಗಿಯುತ್ತೆ ಅಂತ ನೆನಪಿಟ್ಟುಕೊಂಡದ್ದು ಕಾಣಲ್ಲ. ಒಂದು ತಿಂಗಳು ಎಲ್ಲರೂ ತಾವು ಮಾಡಿದ್ದನ್ನು ಗಂಟೆ ಲೆಕ್ಕದಲ್ಲಿ ಬರೆದಿಡಿ. ನಮ್ಮಲ್ಲಿ ಆ ಹಾಳೆ ನೋಡಿ ಇಬ್ಬರು ಗಂಡಸರು ಏನೂ ಮಾತಾಡದೆ ಬಟ್ಟೆ ಒಣಗಿಸುವ ಕೆಲಸ ವಹಿಸಿಕೊಂಡರು. ಮತ್ತೆ, ಪ್ರತಿ ಕುಟುಂಬಕ್ಕೂ ಚಿಕ್ಕದಾದರೂ ಒಂದು ಸ್ವಂತ ಒಲೆ ಇರಲಿ. ಡೆನ್ಮಾರ್ಕಿನಲ್ಲಿ 1972ರಲ್ಲಿ ಶುರುವಾದ ಕೋಹೌಸಿಂಗ್ (ಅಕ್ಕಪಕ್ಕದ ಮನೆಗಳವರು ಕೂಡಿ ಬಾಳುವ ಪದ್ಧತಿ) ಇದನ್ನು ಮೊದಲೇ ಸರಿ ಮಾಡಿಕೊಂಡಿತ್ತು: ಕೂಡು ಅಡುಗೆಮನೆ ಇದೆ, ಆದರೆ ಪ್ರತಿ ಮನೆಗೂ ತನ್ನ ಅಡುಗೆಮನೆಯೂ ಇದೆ. ಮುನಿಸಿಕೊಂಡ ದಿನ ಒಬ್ಬರೇ ಚಿತ್ರಾನ್ನ ಕಲಸಿಕೊಂಡು ತಿನ್ನೋಕೆ ಜಾಗ ಬೇಕು.

ಒಂದು ಮಾತ್ರ ಸಭೆಗೂ ಸಂಧಾನಕ್ಕೂ ಬರಬಾರದು. ಹೊಡೆತ, ಲೈಂಗಿಕ ಕಿರುಕುಳ, ಮಕ್ಕಳಿಗೆ ಅಪಾಯ. ‘ಮನೆ ಮಾತು ಮನೆಯಲ್ಲೇ ಇರಲಿ’ ಅನ್ನುವವರ ಮಾತು ಕೇಳಬೇಡಿ. ತುರ್ತಿದ್ದರೆ 112, ಮಕ್ಕಳಿಗೆ 1098. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದದ್ದು ಗೊತ್ತಾದರೆ ತಿಳಿಸುವುದು 2012ರ ಪೋಕ್ಸೋ ಕಾಯ್ದೆ ಪ್ರಕಾರ ಕಡ್ಡಾಯ.

8. ಬರುವವರು, ಹೋಗುವವರು

ಹೊಸಬರನ್ನು ಮಾತಲ್ಲಿ ಅಳೆಯಬೇಡಿ, ಒಟ್ಟಿಗೆ ಇದ್ದು ನೋಡಿ. ಟ್ವಿನ್ ಓಕ್ಸ್‌ನಲ್ಲಿ ಸೇರಬೇಕು ಅನ್ನುವವರು ಮೊದಲು ಮೂರು ವಾರ ಅಲ್ಲೇ ಇದ್ದು ಕೆಲಸ ಮಾಡಬೇಕು. ನಾವೂ ಮೂರು ವಾರ ಇರಿಸಿಕೊಳ್ಳುತ್ತೇವೆ, ಅದರಲ್ಲಿ ಒಂದು ವಾರ ಪಾತ್ರೆಯ ಪಾಳಿ ಅವರದೇ. ಆಮೇಲೆ ಮೂರು ತಿಂಗಳು ಸಭೆಯಲ್ಲಿ ಕೂರಬಹುದು, ಮಾತಾಡಬಹುದು, ಮುಷ್ಟಿ ತೋರಿಸುವ ಹಾಗಿಲ್ಲ.

ಬಿಟ್ಟು ಹೋಗುವ ನಿಯಮವನ್ನು ಸೇರುವ ದಿನವೇ ಬರೆಯಿರಿ, ಎಲ್ಲರೂ ನಗುನಗುತ್ತಾ ಇರುವಾಗ. ಎಷ್ಟು ದಿನ ಮುಂಚೆ ಹೇಳಬೇಕು (ನಮ್ಮಲ್ಲಿ 60), ಡಿಪಾಸಿಟ್ ಎಷ್ಟು ದಿನದಲ್ಲಿ ವಾಪಸ್, ಗಂಡ-ಹೆಂಡತಿ ಬೇರೆಯಾದರೆ ಇಬ್ಬರಿಗೂ ಇಲ್ಲೇ ಇರುವ ಹಕ್ಕಿದೆಯಾ, ಒಟ್ಟಿಗೆ ಕೊಂಡ ಸಾಮಾನು ಯಾರದು. ಕೊನೆಯದನ್ನು ನಾವು ಬರೆದಿರಲಿಲ್ಲ. ಹೋದ ವರ್ಷ ಒಂದು ಮನೆಯವರು ಬೆಂಗಳೂರಿಗೆ ಹೊರಟಾಗ ಎಲ್ಲ ಲೆಕ್ಕವೂ ಚೊಕ್ಕ ಆಯಿತು, ವೆಟ್ ಗ್ರೈಂಡರ್ ಒಂದನ್ನು ಬಿಟ್ಟು. ದುಡ್ಡು ನಾವೆಲ್ಲ ಹಾಕಿದ್ದೆವು, ಬಿಲ್ ಅವರ ಹೆಸರಲ್ಲಿತ್ತು. ಲಾರಿ ಗೇಟಿನ ಹತ್ತಿರ ನಿಂತಿದೆ, ಇಲ್ಲಿ ಅಡುಗೆಮನೆಯಲ್ಲಿ ಅರ್ಧ ಗಂಟೆ ಗ್ರೈಂಡರ್ ಸಭೆ. ಕೊನೆಗೆ ಅವರೇ ‘ಆಯ್ತು ಬಿಡಿ, ನೀವೇ ಇಟ್ಕೊಳ್ಳಿ’ ಅಂದರು.

ನಾವು ಗ್ರೈಂಡರನ್ನು ಲಾರಿಗೆ ಹತ್ತಿಸಿದೆವು.